ಫೋನ್ ತಂತಿಯಲ್ಲಿ ಫೈಲು ಇಳಿಸಿ ಏರಿಸುವ ಬುಲೆಟಿನ್ ಬೋರ್ಡ್: ನೀರ್ಚಾಲಿನಿಂದ ಮೂರು ತಿಂಗಳ ಬಳಕೆಯ ಅನುಭವ

ಬೆಂಗಳೂರಿನ ಹವ್ಯಾಸಿಯೊಬ್ಬರು ತಮ್ಮ ಮನೆಯ ಒಂದೇ ಒಂದು ಸ್ಥಿರ ದೂರವಾಣಿಗೆ ಮೋಡೆಂ (ಕಂಪ್ಯೂಟರಿನ ಮಾಹಿತಿಯನ್ನು ಫೋನ್ ತಂತಿಯಲ್ಲಿ ಸದ್ದಾಗಿ ಸಾಗಿಸುವ ಪೆಟ್ಟಿಗೆ) ಜೋಡಿಸಿ ಹಳೆಯ ಕಾಲದ ಬುಲೆಟಿನ್ ಬೋರ್ಡೊಂದನ್ನು, ಅಂದರೆ ಬೇರೆಯವರು ತಮ್ಮ ಕಂಪ್ಯೂಟರಿನಿಂದ ಕರೆ ಮಾಡಿ ಪತ್ರ, ಫೈಲು ಹಂಚಿಕೊಳ್ಳುವ ಕಂಪ್ಯೂಟರೊಂದನ್ನು, ನಡೆಸುತ್ತಿದ್ದಾರೆ. ಕಳೆದ ಮೂರು ತಿಂಗಳಿಂದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯಿಂದ ನಾನು ಅದಕ್ಕೆ ಕರೆ ಮಾಡುತ್ತಿದ್ದೇನೆ. ಯಾರಿಂದಲೂ ಹಣ ಪಡೆಯದೆ ನಡೆಸುವ ಸೇವೆಯಾದ್ದರಿಂದ ಅದರ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅಲ್ಲಿ ಪತ್ರಗಳ ವಿಭಾಗವಿದೆ, ಆಟಗಳಿವೆ. ಆದರೆ ನಾನು ಹೋದದ್ದು ಫೈಲುಗಳಿಗಾಗಿ, ಬರೆಯುತ್ತಿರುವುದೂ ಅದರ ಬಗ್ಗೆ ಮಾತ್ರ. ಇಳಿಸಿಕೊಳ್ಳುವವರಿಗೆ ಈ ಸೇವೆ ಬಹಳ ಚೆನ್ನಾಗಿದೆ, ಏರಿಸಹೊರಟವರನ್ನು ಮಾತ್ರ ಸುಮ್ಮನೆ ಸುಸ್ತು ಮಾಡುತ್ತದೆ.

ಮೊದಲಿಗೆ ವೇಗದ ವಿಚಾರ. ನನ್ನಲ್ಲಿರುವುದು 56 ಕೆ (ಸೆಕೆಂಡಿಗೆ 56 ಸಾವಿರ ಬಿಟ್) ಎಂದು ಮೈಮೇಲೆ ಬರೆದುಕೊಂಡಿರುವ ಮೋಡೆಂ. ಆದರೆ ಆ ವೇಗ ಸಿಗಬೇಕಾದರೆ ಒಂದು ತುದಿಯಾದರೂ ದೂರವಾಣಿ ಜಾಲಕ್ಕೆ ಡಿಜಿಟಲ್ ಆಗಿಯೇ ಸೇರಿರಬೇಕು. ಎರಡೂ ಕಡೆ ಸಾಮಾನ್ಯ ಮನೆಯ ತಂತಿಯಿದ್ದರೆ 33,600ಕ್ಕಿಂತ ಮೇಲೆ ಹೋಗುವಂತಿಲ್ಲ. ಕಂಬದಿಂದ ಕಂಬಕ್ಕೆ ಅಡಿಕೆ ತೋಟಗಳ ನಡುವೆ ಹಾದು ಬರುವ ನಮ್ಮ ತಾಮ್ರದ ತಂತಿಯಲ್ಲಿ ಸಾಮಾನ್ಯವಾಗಿ ಸಿಗುವುದು 14,400, ಮಳೆ ಹಿಡಿದ ದಿನ 9,600. ಹದಿನಾಲ್ಕು ಸಾವಿರದ ವೇಗದಲ್ಲಿ ಸೆಕೆಂಡಿಗೆ ಸುಮಾರು 1,600 ಬೈಟು ಸಾಗುತ್ತದೆ, ಅಂದರೆ ಒಂದು 1.44 ಎಂಬಿ ಫ್ಲಾಪಿಯಷ್ಟು ಸಾಮಾನು ಬರಲು ಕಾಲು ಗಂಟೆ ಬೇಕು. 2,400ರ ಮೋಡೆಂ ಇದ್ದ ಕಾಲದಲ್ಲಿ ಅಷ್ಟಕ್ಕೇ ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ ಹಿಡಿಯುತ್ತಿತ್ತು ಎಂಬುದನ್ನು ನೆನೆದರೆ ನನಗೆ ಇದು ನಿಧಾನವೆನಿಸುವುದಿಲ್ಲ. ಮೋಡೆಂ ಕಿರುಚುವುದನ್ನು ಮೊದಲ ಸಲ ಕೇಳಿದ ಮೊಮ್ಮಗಳು, "ಅಜ್ಜಾ, ಇದೆಂತ ಸದ್ದು, ಫೋನಿಗೆ ಜ್ವರ ಬಂತಾ?" ಎಂದು ಕೇಳಿದಳು.

ಇಳಿಸಿಕೊಳ್ಳುವ ವ್ಯವಸ್ಥೆಯನ್ನು ಎಷ್ಟು ಹೊಗಳಿದರೂ ಸಾಲದು. ಪಟ್ಟಿಯಲ್ಲಿ ಪ್ರತಿ ಫೈಲಿನ ಹೆಸರು, ಗಾತ್ರ, ದಿನಾಂಕ, ವಿವರಣೆ ಅಚ್ಚುಕಟ್ಟಾಗಿ ಕಾಣುತ್ತವೆ. ನಿಮ್ಮ ವೇಗಕ್ಕೆ ಅದು ಎಷ್ಟು ನಿಮಿಷ ತೆಗೆದುಕೊಳ್ಳುತ್ತದೆ ಎಂಬುದನ್ನೂ ಮೊದಲೇ ತೋರಿಸುತ್ತದೆ. ಬೇಕಾದವನ್ನು ಗುರುತು ಹಾಕಿಟ್ಟು ಕೊನೆಗೆ ಒಟ್ಟಿಗೆ ತರಿಸಿಕೊಳ್ಳಬಹುದು. ಸಾಗಿಸುವ ಕ್ರಮವಾಗಿ ಝೀಮೋಡೆಂ ಆರಿಸಿಕೊಂಡರೆ ಹೆಸರು ಮತ್ತು ಗಾತ್ರವನ್ನು ಆ ಕಡೆಯ ಯಂತ್ರವೇ ಹೇಳಿಕಳುಹಿಸುತ್ತದೆ, ಈ ಕಡೆಯ ತಂತ್ರಾಂಶ ತಾನಾಗಿಯೇ ಎಚ್ಚೆತ್ತು ಬರೆದುಕೊಳ್ಳತೊಡಗುತ್ತದೆ. ಚಕ್ ಫೋರ್ಸ್‌ಬರ್ಗ್ 1986ರಲ್ಲಿ ರೂಪಿಸಿದ ಈ ಕ್ರಮದ ನಿಜವಾದ ಬೆಲೆ ನನಗೆ ತಿಳಿದದ್ದು ತುಲಾ ತಿಂಗಳ ಒಂದು ಸಂಜೆ. ಸುಮಾರು 700 ಕೆಬಿಯ ಫೈಲೊಂದು ಶೇಕಡಾ 61ಕ್ಕೆ ಬಂದಿತ್ತು. ನೆರೆಯೂರು ಬೇಳದ ಕಡೆಯಿಂದ ಗುಡುಗು ಶುರುವಾಯಿತು. ಮೋಡೆಂ ಸುಟ್ಟುಹೋದರೆ ಇನ್ನೊಂದು ಸಿಗುವುದು ಕಷ್ಟವೆಂದು ನಾನೇ ಫೋನಿನ ತಂತಿಯನ್ನು ಎಳೆದು ತೆಗೆದೆ. ರಾತ್ರಿ ಊಟ ಮುಗಿಸಿ ಮತ್ತೆ ಕರೆ ಮಾಡಿ ಅದೇ ಫೈಲನ್ನು ಕೇಳಿದಾಗ ಎಣಿಕೆ ಸೊನ್ನೆಯಿಂದಲ್ಲ, ನಿಂತಲ್ಲಿಂದಲೇ ಮುಂದುವರಿಯಿತು ಮತ್ತು ಮೂರು ನಿಮಿಷದಲ್ಲಿ ಉಳಿದದ್ದು ಬಂದು ಸೇರಿತು. ಈ ವಿಭಾಗಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಅಂಕ ಕಡಿತವಾದದ್ದು ಸಂಜೆ ಏಳರಿಂದ ಹತ್ತರವರೆಗೆ ಆ ಒಂದೇ ಸಾಲು ಸದಾ ಎಂಗೇಜ್ ಇರುವುದಕ್ಕೆ.

ಇನ್ನು ಏರಿಸುವ ಕಥೆ. ತೊಂಬತ್ತರ ದಶಕದಲ್ಲಿ ನಾನು ನಮ್ಮ ಮನೆಯ ಉಪಯೋಗಕ್ಕೆಂದು ಅಡಿಕೆಯ ಲೆಕ್ಕ ಇಡುವ ಒಂದು ಸಣ್ಣ ಡಾಸ್ (ಆ ಕಾಲದ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ವ್ಯವಸ್ಥೆ) ಪ್ರೋಗ್ರಾಂ ಬರೆದಿದ್ದೆ: ಹೊಸತು, ಹಳತು, ಪಟೋರ, ಕರಿಗೋಟು ಎಂದು ಬಗೆಬಗೆಯ ಅಡಿಕೆಗೆ ಬೇರೆ ಬೇರೆಯಾಗಿ ಕಿಲೋ ಮತ್ತು ದರ ತುಂಬಿಸಿದರೆ ವರ್ಷದ ಕೊನೆಗೆ ಒಟ್ಟು ತೋರಿಸುತ್ತದೆ. ಅದನ್ನು ಜಿಪ್ ಮಾಡಿದಾಗ ಸರಿಯಾಗಿ 37,411 ಬೈಟು ಇತ್ತು. ಏರಿಸುವ ಪುಟದಲ್ಲಿ ಕ್ರಮವನ್ನು ಕೇಳುವಾಗ ಎಕ್ಸ್‌ಮೋಡೆಂ ಎಲ್ಲಕ್ಕಿಂತ ಮೇಲಿದ್ದು ಎಂಟರ್ ಒತ್ತಿದರೆ ಅದೇ ಆಯ್ಕೆಯಾಗುತ್ತದೆ, ನಾನು ಒತ್ತಿಬಿಟ್ಟೆ. ವಾರ್ಡ್ ಕ್ರಿಸ್ಟೆನ್‌ಸೆನ್ 1977ರಲ್ಲಿ ಬರೆದ ಕ್ರಮವಿದು; ಮರುವರ್ಷ ಶಿಕಾಗೋದಲ್ಲಿ ರ‍್ಯಾಂಡಿ ಸೂಸ್ ಜೊತೆ ಸೇರಿ ಮೊತ್ತಮೊದಲ ಬುಲೆಟಿನ್ ಬೋರ್ಡನ್ನು ಆರಂಭಿಸಿದವರೂ ಅವರೇ. ಗೌರವದ ಮಾತು ಬೇರೆ, ಅನುಕೂಲದ ಮಾತು ಬೇರೆ. ಎಕ್ಸ್‌ಮೋಡೆಂ 128 ಬೈಟುಗಳ ಒಂದು ತುಂಡನ್ನು ಕಳುಹಿಸಿ, ಆ ಕಡೆಯಿಂದ "ಸಿಕ್ಕಿತು" ಎಂಬ ಸಂಕೇತ ಬರುವವರೆಗೆ ಕಾದು, ಆಮೇಲೆ ಮುಂದಿನ ತುಂಡಿಗೆ ಕೈ ಹಾಕುತ್ತದೆ. ಹೀಗೆ 293 ಸಲ ಕಾದದ್ದಾಯಿತು. ಕೊನೆಯ ತುಂಡು ಭರ್ತಿಯಾಗದಿದ್ದರೆ ಉಳಿದ ಜಾಗಕ್ಕೆ ಅದು ಅರ್ಥವಿಲ್ಲದ ಬೈಟುಗಳ ಹೊಟ್ಟು ತುಂಬುತ್ತದೆ. ಹಾಗಾಗಿ ನನ್ನ ಫೈಲು ಅಲ್ಲಿಗೆ ತಲುಪುವಾಗ 37,504 ಬೈಟು ಆಗಿತ್ತು.

ಆರು ದಿನ ಕಳೆದರೂ ಫೈಲು ಪಟ್ಟಿಯಲ್ಲಿ ಕಾಣಲಿಲ್ಲ. ಏಳನೆಯ ದಿನ ನಡೆಸುವವರಿಂದ ಒಂದು ಸಾಲಿನ ಸಂದೇಶ ಬಂತು: "ಸರ್, 93 ಬೈಟು ಜಾಸ್ತಿ ಇದೆ, ವೈರಸ್ ಇರಬಹುದೆಂದು ತಡೆಹಿಡಿದಿದ್ದೇನೆ." ಹೊಸ ಫೈಲನ್ನು ತಾವೇ ನೋಡಿದ ಮೇಲೆ ಮಾತ್ರ ಬೇರೆಯವರಿಗೆ ಬಿಡುವ ಪದ್ಧತಿ ಒಳ್ಳೆಯದೇ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಮೇಲಿನ ಆಯ್ಕೆಯನ್ನು ಹಾಗೆ ಇಟ್ಟವರೂ ಅವರೇ, ಅದರಿಂದ ಬಂದ ಹೊಟ್ಟನ್ನು ಕಂಡು ಸಂಶಯಪಟ್ಟವರೂ ಅವರೇ ಎಂಬುದು ಸ್ವಲ್ಪ ಬೇಸರದ ಸಂಗತಿ. ಝೀಮೋಡೆಂನಲ್ಲಿ ಮತ್ತೆ ಏರಿಸಿದಾಗ ಅರ್ಧ ನಿಮಿಷವೂ ಹಿಡಿಯಲಿಲ್ಲ, ಒಂದು ಬೈಟೂ ಹೆಚ್ಚಾಗಲಿಲ್ಲ.

ವಿವರಣೆಯದು ಇನ್ನೊಂದು ತೊಡಕು. ಜಿಪ್‌ನ ಒಳಗೆ ಸಾಲಿಗೆ 45 ಅಕ್ಷರದಂತೆ ಹತ್ತು ಸಾಲಿನ ಒಂದು ಚಿಕ್ಕ ಪಠ್ಯ ಇಟ್ಟರೆ ಬೋರ್ಡು ಅದನ್ನು ತಾನೇ ಎತ್ತಿ ಪಟ್ಟಿಯಲ್ಲಿ ಹಾಕುತ್ತದೆ. ಕನ್ನಡಿಗರು ನಡೆಸುವ ಬೋರ್ಡು ತಾನೇ ಎಂದು ನಾನು ಕನ್ನಡದಲ್ಲೇ ಬರೆದೆ. ಪರದೆಯ ಮೇಲೆ ಬಂದದ್ದು ಗ್ರೀಕಿನ ಆಲ್ಫಾಗಳ ಮೆರವಣಿಗೆ. ಕಾರಣ ಸರಳವಾಗಿದೆ: ಯೂನಿಕೋಡ್ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು, ಡಾಸ್ ಕಾಲದ ಪರದೆ ಒಂದೊಂದು ಬೈಟನ್ನೂ ಒಂದು ಅಕ್ಷರವೆಂದು ತಿಳಿಯುತ್ತದೆ, ಮತ್ತು ನಮ್ಮ ಚಿಹ್ನೆಗಳೆಲ್ಲದರ ಮೊದಲ ಬೈಟು ಅಲ್ಲಿ ಆಲ್ಫಾ. "ಅಡಿಕೆ" ಎಂಬ ಒಂದು ಪದದಲ್ಲಿ ಅ, ಡ, ಗುಡಿಸು, ಕ, ಎತ್ವ ಎಂದು ಐದು ಚಿಹ್ನೆಗಳು. ಅದು ಐದು ಆಲ್ಫಾ, ನಾಲ್ಕು ಚುಕ್ಕಿಚುಕ್ಕಿಯ ಇಟ್ಟಿಗೆ, ಒಂದು ನೆಟ್ಟನೆಯ ಗೆರೆ, ಒಂದು ಮೂಲೆಗೆರೆ, ಜೊತೆಗೆ ತಲೆಮೇಲೆ ಗುರುತು ಹೊತ್ತ ನಾಲ್ಕು ಯುರೋಪಿನ ಅಕ್ಷರಗಳಾಗಿ ಹದಿನೈದು ಮನೆ ತುಂಬಿಸಿತು. ಮೂರು ಸಲ ಅಡಿಕೆ ಎಂದರೆ ಸಾಲು ಮುಗಿಯಿತು. ಇದು ಬೋರ್ಡಿನ ತಪ್ಪಲ್ಲ, ಆ ಕಾಲದ ಮಿತಿ. ಆದರೆ "ವಿವರಣೆಯನ್ನು ರೋಮನ್ ಲಿಪಿಯಲ್ಲಿ ಬರೆಯಿರಿ" ಎಂಬ ಒಂದು ಸಾಲಿನ ಎಚ್ಚರಿಕೆ ಏರಿಸುವ ಪುಟದಲ್ಲಿದ್ದರೆ ನನ್ನ ಒಂದು ಸಂಜೆ ಉಳಿಯುತ್ತಿತ್ತು.

ನಿಯಮಗಳು ಉದಾರವಾಗಿವೆ. ಒಂದು ಬೈಟು ಕೊಟ್ಟರೆ ಹತ್ತು ಬೈಟು ತೆಗೆದುಕೊಳ್ಳಬಹುದು, ದಿನಕ್ಕೆ 45 ನಿಮಿಷದ ಮಿತಿಯಿದೆ, ಏರಿಸಲು ತಗಲಿದ ಸಮಯವನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸದಾಗಿ ಸೇರಿದವರಿಗೆ ಏನೂ ಕೊಡದೆಯೇ 2 ಎಂಬಿಯಷ್ಟು ಇಳಿಸಿಕೊಳ್ಳಲು ಬಿಡುತ್ತಾರೆ. ನನ್ನ ಅಡಿಕೆ ಲೆಕ್ಕವನ್ನು ಈವರೆಗೆ ನಾಲ್ವರು ಇಳಿಸಿಕೊಂಡಿದ್ದಾರೆ, ಅವರಲ್ಲೊಬ್ಬರು ತೆಂಗಿನಕಾಯಿಗೂ ಒಂದು ಕಲಂ ಸೇರಿಸಬಹುದೇ ಎಂದು ಕೇಳಿದ್ದಾರೆ. ಏರಿಸುವ ವಿಭಾಗಕ್ಕೆ ಸದ್ಯಕ್ಕೆ ಐದರಲ್ಲಿ ಎರಡೂವರೆ. ಮೇಲಿನ ಆಯ್ಕೆಯನ್ನು ಬದಲಿಸಿದ ದಿನ ಮೂರೂವರೆ ಮಾಡಲು ಅಡ್ಡಿಯಿಲ್ಲ.

ಪ್ರಯತ್ನಿಸುವವರು ಫೋನಿನ ಕಾಲ್ ವೇಟಿಂಗ್ ಸೌಲಭ್ಯವನ್ನು ಮೊದಲು ತೆಗೆಸಿಕೊಳ್ಳಿ, ಬೇರೆ ಕರೆ ಬಂದಾಗ ಕೇಳಿಸುವ ಆ ಒಂದು ಸದ್ದಿಗೆ ಸಂಪರ್ಕ ಕಡಿದುಹೋಗಬಹುದು. ನಾನು ಕರೆ ಮಾಡುವುದು ಬೆಳಿಗ್ಗೆ ಐದಕ್ಕೆ, ಹಾಲು ಕರೆಯುವ ಮೊದಲು. ಆ ಹೊತ್ತಿಗೆ ಸಾಲು ಸಾಮಾನ್ಯವಾಗಿ ಖಾಲಿ ಇರುತ್ತದೆ.