ಮುಖವಿಲ್ಲದ ಹತ್ತು ಸಿಪಾಯಿಗಳಿಗೆ ಮೂರು ಥರದ ಬಣ್ಣ

ಡೆತ್ ಕೋರ್ ಆಫ್ ಕ್ರೀಗ್ ಪಡೆಯ ಹತ್ತು ಪ್ಲಾಸ್ಟಿಕ್ ಸಿಪಾಯಿಗಳು ಒಂದು ವರ್ಷ ನಮ್ಮ ಮನೆಯ ಖಾಲಿ ಪೇಡೆ ಡಬ್ಬಿಯಲ್ಲಿ ಮಲಗಿದ್ದವು. ಸಣ್ಣ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ವಾರ್‌ಹ್ಯಾಮರ್ 40,000 ಎಂಬ ಯುದ್ಧದ ಆಟದಲ್ಲಿ ಇವರಷ್ಟು ಮಂಕು ಕಳೆಯ ಪಡೆ ಇನ್ನೊಂದಿಲ್ಲ ಅನ್ನುತ್ತೇನೆ. ಉದ್ದನೆಯ ಓವರ್‌ಕೋಟ್, ಉಕ್ಕಿನ ಟೋಪಿ, ಎದೆಯ ಪೆಟ್ಟಿಗೆಯಿಂದ ಬಾಯಿಗೆ ಏರುವ ಕೊಳವೆ, ಅದಕ್ಕೊಂದು ಗ್ಯಾಸ್ ಮಾಸ್ಕ್. ಮೊದಲ ಮಹಾಯುದ್ಧದ ಕಂದಕದಿಂದ ನೇರ ಎದ್ದು ಬಂದ ಹಾಗೆ. ಜರ್ಮನ್ ಭಾಷೆಯಲ್ಲಿ ಕ್ರೀಗ್ ಅಂದರೇನೇ ಯುದ್ಧ. ಅವ್ವ ಒಂದನ್ನು ಎತ್ತಿ ನೋಡಿ, "ಇವಕ್ಕ ಮುಖಾನ ಇಲ್ಲಲ್ಲೋ!" ಅಂದಳು. ನನಗೆ ಬೇಕಾದದ್ದೂ ಅದೇ. ಕಣ್ಣು ಬರೆಯುವ ತಾಪತ್ರಯವಿಲ್ಲ.

ನಾಲ್ವರಿಗೆ ಹಳೆಯ ಪದ್ಧತಿ, ನಾಲ್ವರಿಗೆ ಕಾಂಟ್ರಾಸ್ಟ್ ಎಂಬ ಬಣ್ಣ, ಉಳಿದಿಬ್ಬರಿಗೆ ಸ್ಟೇಷನರಿ ಅಂಗಡಿಯ ಅಕ್ರಿಲಿಕ್ ಎಂದು ಪಾಲು ಹಾಕಿದೆ. ಗಣಪತಿ ಮಾಡುವವರು ಮೊದಲು ಬಿಳಿ ಬಳಿಯುತ್ತಾರಲ್ಲ, ಹಾಗೆ ಇವಕ್ಕೂ ಮೊದಲು ಪ್ರೈಮರ್ ಬೇಕು. ಧಾರವಾಡದ ಜುಲೈ ಜಿಟಿಜಿಟಿ ಮಳೆ ಒಂದು ತಾಸು ನಿಂತಿತೆಂದು ಮಾಳಿಗೆಗೆ ಓಡಿ ಕರಿ ಸ್ಪ್ರೇ ಹೊಡೆದೆ. ಗಾಳಿಯಲ್ಲಿದ್ದ ತೇವ ಕೈಕೊಟ್ಟಿತು. ಇಬ್ಬರ ಮೈಮೇಲೆ ಮರಳು ಹಚ್ಚಿದಂಥ ಬಿಳುಚು ಪದರು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ರಾತ್ರಿಯಿಡೀ ನೆನೆಹಾಕಿ ಹಳೆ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದರೂ ಮಾಸ್ಕಿನ ಸಂದುಗಳಲ್ಲಿ ಒಂದಿಷ್ಟು ಉಳಿದೇಬಿಟ್ಟಿತು. ಆ ಇಬ್ಬರೇ ಅಕ್ರಿಲಿಕ್ ಪಾಲಿಗೆ ಹೋದರು, ಪಾಪ. ಉಳಿದವರಿಗೆ ಮನೆಯೊಳಗೇ ಕೂತು ಬ್ರಶ್‌ನಿಂದ ಪ್ರೈಮರ್ ಹಚ್ಚಿದೆ.

ಹಳೆಯ ಪದ್ಧತಿ ಅಂದರೆ ನೀರು ಬೆರೆಸಿದ ತೆಳು ಬಣ್ಣ ಎರಡು ಸಲ, ಮಡಿಕೆಗಳಿಗೆ ಇಳಿಯುವಂತೆ ನೀರಿನಂಥ ಕಂದು ಬಣ್ಣ, ಅಂದರೆ ವಾಶ್, ಒಣಗಿದ ಮೇಲೆ ಉಬ್ಬಿದ ಜಾಗಕ್ಕೆ ಮತ್ತೆ ಮೂಲ ಬಣ್ಣ, ಕೊನೆಗೆ ಅಂಚಿಗೊಂದು ತಿಳಿ ಗೆರೆ. ನಾನು ಬಳಸಿದ್ದು ವಲೆಹೊ ಕಂಪನಿಯ ಬಣ್ಣ. ಅದರ ಸೀಸೆಗೆ ಹನಿ ಮೂತಿ ಇರುವುದರಿಂದ ಮೂರು ಹನಿ ಬೂದು ಬಣ್ಣಕ್ಕೆ ಒಂದು ಹನಿ ನೀಲಿ ಅಂತ ಲೆಕ್ಕ ಇಟ್ಟರೆ ನಾಳೆಯೂ ಅದೇ ಬಣ್ಣ ಬರುತ್ತದೆ. ಒಬ್ಬ ಸಿಪಾಯಿಗೆ ಮೂರು ತಾಸು ಹಿಡಿಯಿತು. ನಾಲ್ಕನೆಯವನ ಹೊತ್ತಿಗೆ ಕುತ್ತಿಗೆ ಹಿಡಿದಿತ್ತು. ಆದರೆ ತಪ್ಪಾದರೆ ಮೇಲೊಂದು ಕೈ ಹಚ್ಚಿದರೆ ಮುಗಿಯಿತು. ಆ ಧೈರ್ಯ ದೊಡ್ಡದು.

ಕಾಂಟ್ರಾಸ್ಟ್‌ನಲ್ಲಿ ಅದು ಸಿಗುವುದಿಲ್ಲ. ಈ ಆಟದ ಕಂಪನಿ ಗೇಮ್ಸ್ ವರ್ಕ್‌ಶಾಪ್ 2019ರಲ್ಲಿ ತಂದ ಈ ಬಣ್ಣ ಅರೆಪಾರದರ್ಶಕ. ತಗ್ಗಿಗೆ ಹರಿದು ಅಲ್ಲಿ ಗಾಢವಾಗುತ್ತದೆ, ಉಬ್ಬಿನಲ್ಲಿ ತಿಳಿಯಾಗಿ ನಿಲ್ಲುತ್ತದೆ. ಕರಿ ಪ್ರೈಮರ್ ಮೇಲೆ ಬೂದು, ಅದರ ಮೇಲೆ ಬಿಳಿ ಡ್ರೈಬ್ರಶ್ ಮಾಡಿ (ಬಣ್ಣ ಒರೆಸಿದ ಒಣ ಬ್ರಶ್‌ನಿಂದ ಉಬ್ಬಿನ ಮೇಲಷ್ಟೇ ಸವರಿ), ಆಮೇಲೆ ಒಂದೇ ಕೈ ಕಾಂಟ್ರಾಸ್ಟ್ ಕೊಟ್ಟೆ. ಇದಕ್ಕೆ ಸ್ಲ್ಯಾಪ್‌ಚಾಪ್ ಅನ್ನುತ್ತಾರೆ. ಓವರ್‌ಕೋಟಿನ ಮೇಲೆ ಅದರ ಕೆಲಸ ನೋಡಬೇಕು! ಬೆಲ್ಟಿನ ಕೆಳಗೆ ಬಿದ್ದ ನಾಲ್ಕು ಮಡಿಕೆಗಳಲ್ಲಿ ಬಣ್ಣ ತಾನಾಗಿಯೇ ಇಳಿದು ನೆರಳಾಯಿತು, ಮಡಿಕೆಯ ಬೆನ್ನ ಮೇಲೆ ಕೆಳಗಿನ ಬಿಳಿ ಹಣಿಕಿ ಹಾಕಿತು. ಮೂರು ತಾಸಿನ ಕೆಲಸ ಐವತ್ತು ನಿಮಿಷಕ್ಕೆ. ಟೋಪಿಯಲ್ಲಿ ಮಾತ್ರ ಸೋತೆ. ನುಣುಪಾದ ಗುಂಡು ಮೈಮೇಲೆ ಬಣ್ಣ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಸಿಯಲ್ಲಿ ಚಹಾ ಒಣಗಿದ ಹಾಗೆ ವರ್ತುಲ ಬಿಟ್ಟಿತು. ತಿದ್ದಬೇಕಾದರೆ ಮತ್ತೆ ಬಿಳಿಯಿಂದ ಶುರು. ಟೋಪಿ, ಬಂದೂಕು, ಮಾಸ್ಕಿನ ಗಾಜನ್ನು ಹಳೆಯ ಪದ್ಧತಿಯಲ್ಲೇ ಮುಗಿಸಿದೆ.

ಅಂಗಡಿ ಅಕ್ರಿಲಿಕ್ಕಿನ ಕಥೆ ಸಣ್ಣದು. ಕಾಂಟ್ರಾಸ್ಟಿನ ಒಂದು ಡಬ್ಬಿಯ ದುಡ್ಡಿಗೆ ಅದರ ಹತ್ತು ಸೀಸೆ ಬರುತ್ತವೆ. ಆದರೆ ಮೂರು ಸೆಂಟಿಮೀಟರಿನ ಸಿಪಾಯಿಗೆ ಅದು ದಪ್ಪ. ನೀರು ಹಾಕಿದರೆ ಹರಿದು ಕೆಳಗಿನ ಕಪ್ಪು ಕಾಣುತ್ತದೆ, ಹಾಕದಿದ್ದರೆ ಕೊಳವೆಯ ಬಳೆಬಳೆಯೆಲ್ಲ ಮುಚ್ಚಿಹೋಗುತ್ತದೆ. ಮುರಿದ ಗೋಡೆ, ಮರಳುಚೀಲಗಳಿಗೆ ಮಾತ್ರ ಅದೇ ಸೈ. ಅಲ್ಲಿ ದುಬಾರಿ ಬಣ್ಣ ಸುರಿಯುವುದು ಹುಚ್ಚುತನ.

ಇನ್ನು ಕಾಲ ಕೆಳಗಿನ ಬಿರಿದ ನೆಲ. ಇದಕ್ಕೂ ಅಗ್ರೆಲ್ಲನ್ ಅರ್ಥ್ ಎಂಬ ಬಣ್ಣವಿದೆ, ಒಣಗುತ್ತ ಬಿರಿಯುತ್ತದೆ. ಬಿರಿಯುವ ನೆಲ ನವಲಗುಂದದ ಕಡೆಯವರಿಗೆ ದುಡ್ಡು ಕೊಟ್ಟು ತರುವ ವಸ್ತುವೇ? ಕಾಕಾನ ಹೊಲದಿಂದ ಒಂದು ಡಬ್ಬಿ ಎರಿ ಮಣ್ಣು ತಂದೆ. "ಗೊಂಬಿಗೆ ಹಚ್ಚಾಕ ಎರಿ ಮಣ್ಣ ಬೇಕಾತೇನು?" ಅಂತ ಕಾಕಾ ನಕ್ಕ. ನೀರು ಕುಡಿದು ಉಬ್ಬಿ, ಒಣಗಿದಾಗ ಕುಗ್ಗುವ ಜೇಡಿ ಅದರಲ್ಲಿ ತುಂಬಿರುವುದರಿಂದಲೇ ಬ್ಯಾಸಗಿಯಲ್ಲಿ ಆ ಹೊಲಗಳು ಬಾಯಿ ಬಿಡುತ್ತವೆ. ಹುಳ, ಬೀಜ ಸಾಯಲೆಂದು ಹಂಚಿನ ಮೇಲೆ ಹುರಿದು, ವಸ್ತ್ರಗಾಳಿಸಿ, ನೀರಿನಲ್ಲಿ ಕಲಸಿ ಹಚ್ಚಿದೆ. ಮೊದಲ ಸಲ ಫೆವಿಕಾಲ್ ಜಾಸ್ತಿಯಾಗಿ ಬಿರಿಯಲೇ ಇಲ್ಲ. ಎರಡನೆಯ ಸಲ ಅಂಟಿಲ್ಲದೆ ಹಚ್ಚಿ, ಬಿರಿದ ಮೇಲೆ ತೆಳು ಫೆವಿಕಾಲ್ ನೀರನ್ನು ಹನಿಹನಿಯಾಗಿ ಕುಡಿಸಿದೆ, ಗಟ್ಟಿಯಾಯಿತು. ಪದರು ತೆಳುವಾದಲ್ಲಿ ಸಣ್ಣ ಬಿರುಕು, ದಪ್ಪವಾದಲ್ಲಿ ಬೂಟು ಸಿಕ್ಕಿಕೊಳ್ಳುವಷ್ಟು ಅಗಲ. ಕೊಂಡ ಬಣ್ಣಕ್ಕಿಂತ ಇದೇ ಚೆಂದ, ನನ್ನ ಕಣ್ಣಿಗಂತೂ.

ಅದೇ ಮಣ್ಣಿನ ಪುಡಿಯನ್ನು ಕೋಟಿನ ಅಂಚಿಗೂ ಉಜ್ಜಿದೆ. ಕೊನೆಗೆ ಹಚ್ಚುವ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಬಿದ್ದೊಡನೆ ಪುಡಿ ಅರ್ಧ ಮಾಯವಾಗುತ್ತದೆ, ಹಾಗಾಗಿ ಬೇಕೆನಿಸಿದ್ದಕ್ಕಿಂತ ಹೆಚ್ಚೇ ಉಜ್ಜಬೇಕು. ಟೋಪಿಯ ವರ್ತುಲದ ಮೇಲೂ ಒಂದಿಷ್ಟು ಉಜ್ಜಿ ಮುಚ್ಚಿಬಿಟ್ಟೆ. ಮುಂದಿನ ಹತ್ತು ಜನ ಬರುವವರಿದ್ದಾರೆ. ಮಿರಗದ ಮಳೆ ಬೀಳುವುದರೊಳಗೆ ಅವರ ಸ್ಪ್ರೇ ಮುಗಿಸಬೇಕು.