ಗ್ರೀನ್‌ವುಡ್ ಉರುಫ್ ಬ್ವಾವೇರ್ ಉರುಫ್ ದೆನೆವೇರ್

ನನ್ನ ಗಂಡನ ಅಜ್ಜಿಯ ತವರುಮನೆ ಹೆಸರು ಗ್ರೀನ್‌ವುಡ್. ಅವರ ಅಪ್ಪ ಕೆನಡಾದ ಕ್ವಿಬೆಕ್‌ನಿಂದ ಅಮೆರಿಕದ ಲೋವೆಲ್‌ಗೆ ಬಟ್ಟೆ ಗಿರಣಿ ಕೆಲಸಕ್ಕೆ ಬಂದವರು. ಮನೆಯಲ್ಲಿ ಆಡುತ್ತಿದ್ದದ್ದು ಫ್ರೆಂಚ್, ಹೆಸರು ಮಾತ್ರ ಅಪ್ಪಟ ಇಂಗ್ಲಿಷ್. ಇದು ಹೇಗೆ ಅಂತ ತಿಳಿಯಲು ಕಳೆದ ಚಳಿಗಾಲ ಮೂರು ಕಡೆ ಹುಡುಕಿದೆ.

ಮೊದಲು ವಂಶಾವಳಿ ಹುಡುಕುವ ಜಾಲತಾಣ ಫ್ಯಾಮಿಲಿಸರ್ಚ್, ಯಾಕಂದ್ರೆ ಅದು ಪುಕ್ಕಟೆ. ಕ್ವಿಬೆಕ್‌ನ ಕ್ಯಾಥೊಲಿಕ್ ಚರ್ಚುಗಳ 1621ರಿಂದಾಚೆಗಿನ ದಾಖಲೆ ಪುಸ್ತಕಗಳ ಚಿತ್ರಗಳು ಅಲ್ಲಿವೆ. ಗ್ರೀನ್‌ವುಡ್ ಅಂತ ಹುಡುಕಿದರೆ ಏನೂ ಸಿಗಲಿಲ್ಲ, ಸಿಗುವುದೂ ಇಲ್ಲ. 1840ರಿಂದ 1930ರ ನಡುವೆ ಸುಮಾರು 9 ಲಕ್ಷ ಜನ ಕ್ವಿಬೆಕ್ ಬಿಟ್ಟು ಅಮೆರಿಕಕ್ಕೆ ಬಂದರು. ಎಷ್ಟೋ ಜನರ ಹೆಸರು ಇಲ್ಲಿ ತರ್ಜುಮೆ ಆಯಿತು. ರ್ವಾ ಇದ್ದವರು ಕಿಂಗ್, ಲೆಬ್ಲಾಂ ಇದ್ದವರು ವೈಟ್, ಬ್ವಾವೇರ್ ಇದ್ದವರು ಗ್ರೀನ್‌ವುಡ್. ಹಸಿರು ಕಾಡು, ಅಷ್ಟೇ!

ಅಜ್ಜಿಯ ಸೋದರತ್ತೆಯೊಬ್ಬರನ್ನು ಎಲ್ಲರೂ ಕರೆಯುತ್ತಿದ್ದದ್ದು ಆಲ್ಮಾ ಅಂತ. ಜ್ಞಾನಸ್ನಾನದ (ಬ್ಯಾಪ್ಟಿಸಂ) ಪುಟದಲ್ಲಿ ಅವರು ಮರೀ ರೋಸ್ ಆಲ್ಮಾ. ಹೆಣ್ಣು ಮಗುವಿಗೆ ಮೊದಲು ಮರೀ, ಗಂಡಿಗೆ ಜೋಸೆಫ್, ನಡುವೆ ಎಷ್ಟೋ ಸಲ ಧರ್ಮಮಾತೆ ಅಥವಾ ಧರ್ಮಪಿತನ ಹೆಸರು, ಕರೆಯುವ ಹೆಸರು ಸಾಮಾನ್ಯವಾಗಿ ಕೊನೆಗೆ. ಇದು ಗೊತ್ತಿಲ್ಲದೆ ಒಂದು ವಾರ ಬರೀ ಮರೀಗಳನ್ನೇ ನೋಡಿದೆ.

ಎರಡನೆಯದು ದ್ರುವಾಂ ಸಂಸ್ಥೆಯ ಜೆನಿಯಾಲಜಿ ಕ್ವಿಬೆಕ್. ದುಡ್ಡು ಕೊಡಬೇಕು. ದ್ರುವಾಂ ಮನೆತನದವರು 1940ರ ದಶಕದಲ್ಲಿ ಈ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡಿಸಿದ್ದರು. ಇಲ್ಲಿನ ಲಫ್ರಾನ್ಸ್ ಎಂಬ ಹೆಸರುಗಳ ಸೂಚಿಯಿಂದ ನೇರ ಆ ಪುಟದ ಚಿತ್ರಕ್ಕೇ ಹೋಗಬಹುದು. ನನಗೆ ಜಾಸ್ತಿ ನೆರವಾದದ್ದು ಮದುವೆ ದಾಖಲೆಗಳು. ಅಲ್ಲಿ ಹೆಂಗಸರ ಹೆಸರು ತವರಿನದೇ ಇರುತ್ತದೆ, ಮೊದಲ ಮದುವೆಯಾದರೆ ಎರಡೂ ಕಡೆಯ ಅಪ್ಪ ಅಮ್ಮನ ಹೆಸರೂ ಇರುತ್ತದೆ. ಒಂದು ಮದುವೆ ಸಿಕ್ಕರೆ ಒಂದು ತಲೆಮಾರು ಮೇಲೆ ಹತ್ತಿದ ಹಾಗೆ. ಒಂದೇ ರಾತ್ರಿ ನಾಲ್ಕು ಹತ್ತಿದೆ.

ಆಮೇಲೆ ಬ್ವಾವೇರ್‌ಗಳೇ ಮಾಯ. ಈ ಗಂಟು ಬಿಡಿಸಿದ್ದು ಮೂರನೆಯದು, ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಶುರುವಾದ ಪಿಆರ್‌ಡಿಎಚ್ ಎಂಬ ಹಳೆಯ ಕ್ವಿಬೆಕ್ ಜನರ ದತ್ತಸಂಚಯ. ಇಲ್ಲಿ ಬಿಡಿ ದಾಖಲೆಗಳನ್ನು ಜೋಡಿಸಿ ಇಡೀ ಕುಟುಂಬಗಳನ್ನೇ ಕಟ್ಟಿಟ್ಟಿದ್ದಾರೆ. ನಮ್ಮ ಬ್ವಾವೇರ್‌ಗಳು ಮೊದಲು ಕ್ವಿಬೆಕ್‌ನ ಲೋತ್ಬಿನಿಯೇರ್ ಕಡೆಯ 'ದೆನೆವೇರ್ ದಿ ಬ್ವಾವೇರ್' ಆಗಿದ್ದರು. 'ದಿ' ಅಂದರೆ 'ಎಂದು ಕರೆಯುವ', ನಮ್ಮ ಕೋರ್ಟು ಕಾಗದದ ಉರುಫ್ ಇದ್ದ ಹಾಗೆ. ಇಂಥ ಎರಡನೇ ಹೆಸರು ಸಿಪಾಯಿಗಳ ಅಡ್ಡಹೆಸರು, ಹುಟ್ಟೂರು, ಜಮೀನು, ಯಾವುದರಿಂದಲಾದರೂ ಬರಬಹುದು. ಅಣ್ಣ ಒಂದನ್ನು ಉಳಿಸಿಕೊಂಡರೆ ತಮ್ಮ ಇನ್ನೊಂದನ್ನು. ಆದರೆ ಪಿಆರ್‌ಡಿಎಚ್ 1849ಕ್ಕೆ ನಿಲ್ಲುತ್ತದೆ. ಅಲ್ಲಿಯವರೆಗಿನ ಕೊಂಡಿ ಕೈಲಿಲ್ಲದೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ.

ನಡುವೆ ಇನ್ನೊಂದು ಜಾಲತಾಣದಲ್ಲಿ ಯಾರೋ ಹಾಕಿದ್ದ ರೆಡಿಮೇಡ್ ವಂಶವೃಕ್ಷವನ್ನು ಸುಮ್ನೆ ನಂಬಿ ಕೆಟ್ಟೆ. ತೀರಿಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೂ ಇಡುವುದು ಅಲ್ಲಿ ಮಾಮೂಲು. ಆ ವೃಕ್ಷದಲ್ಲಿ ಸತ್ತ ಮಗುವಿಗೇ ಮದುವೆ ಮಾಡಿಸಿದ್ದರು.

ಒಂದಕ್ಕೆ ಮಾತ್ರ ದುಡ್ಡು ಹಾಕುವುದಾದರೆ ನಾನು ಎರಡನೆಯದಕ್ಕೇ ಹಾಕುತ್ತೇನೆ, ಅದೂ ಚಿತ್ರಗಳಿಗಾಗಿ. ನಮ್ಮವರ ಒಂದು ಮದುವೆ ಪುಟದಲ್ಲಿ ಪಾದ್ರಿ ಮೂರನೇ ಹಂತದ ರಕ್ತಸಂಬಂಧಕ್ಕೆ ಚರ್ಚಿನ ವಿನಾಯಿತಿ ಸಿಕ್ಕಿದೆ ಎಂದು ಬರೆದಿದ್ದಾರೆ. ಅಂದರೆ ಗಂಡು ಹೆಣ್ಣು ಇಬ್ಬರಿಗೂ ಮುತ್ತಜ್ಜ ಒಬ್ಬರೇ. ಸೂಚಿ ನೋಡಿದಾಗ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅತ್ತೆಗೆ ಹೇಳಿದರೆ ಮುಜುಗರಪಟ್ಟರು. ನಮ್ಮ ಕಡೆ ಸೋದರಮಾವನನ್ನೇ ಮದುವೆಯಾದವರಿದ್ದಾರೆ, ಇದೇನು ಮಹಾ ಅಂದೆ. ಅವರಿಗೆ ಇನ್ನೂ ಗಾಬರಿಯಾಯಿತು.