ಗುಂಡು ಚದುರಿದರೆ ಮೊದಲು ನಳಿಗೆಗೆ ಕೈ ಹಾಕಬೇಡಿ

ಹೋದ ದೀಪಾವಳಿಯ ಮರುವಾರ ನನ್ನ .22 ರೈಫಲ್‌ನ ನಳಿಗೆಯನ್ನು (ಬ್ಯಾರಲ್) ದುಡ್ಡು ಕೊಟ್ಟು ಹಾಳು ಮಾಡಿಸಿಕೊಂಡೆ. ಪುಣೆಯ ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ ಆಗಾಗ ಕನ್ನಡ ಮಾತು ಕಿವಿಗೆ ಬೀಳುತ್ತದೆ. 2024ರಲ್ಲಿ ಸ್ವಪ್ನಿಲ್ ಕುಸಾಳೆ ಪ್ಯಾರಿಸ್‌ನಿಂದ 50 ಮೀಟರ್ ರೈಫಲ್‌ನ ಕಂಚು ತಂದ ಮೇಲಂತೂ ಹೊಸಬರು ಬಹಳ. ಅವರಲ್ಲಿ ಒಬ್ಬರಾದರೂ ಇದನ್ನು ಓದಿ ನನ್ನ ದಾರಿ ಹಿಡಿಯದಿದ್ದರೆ ಸಾಕು.

ಮಳೆಗಾಲಕ್ಕೆ ಮುಂಚೆ 50 ಮೀಟರಿಗೆ ಐದು ಗುಂಡು ಹೊಡೆದರೆ ಎಲ್ಲವೂ 18 ಮಿಲಿಮೀಟರ್ ಒಳಗೆ ಕೂರುತ್ತಿದ್ದವು. ಗುರಿಕಾಗದದ ನಡುವಿನ ಹತ್ತು ಅಂಕದ ವೃತ್ತವೇ 10.4 ಮಿಲಿಮೀಟರ್ ಇರುವಾಗ ಇದೇನು ದೊಡ್ಡ ಸಾಧನೆಯಲ್ಲ, ನನ್ನ ಮಟ್ಟಕ್ಕೆ ಸರಿ. ನವೆಂಬರ್‌ನಲ್ಲಿ ಅದೇ ಐದು ಗುಂಡು 40ಕ್ಕೆ ಹರಡಿದವು. ಅದೂ ಒಂದು ವಿಚಿತ್ರ ರೀತಿಯಲ್ಲಿ: ಮೂರು ಒಂದು ಕಡೆ, ಎರಡು ಮೇಲೆ ಬೇರೆಯಾಗಿ. ಎರಡು ಗುಂಪು! ಆ ಕಾಗದವೇ ರೋಗ ಹೇಳುತ್ತಿತ್ತು, ನನಗೆ ಓದಲು ಬರಲಿಲ್ಲ.

ಮೊದಲು ಪೀಪ್ ಸೈಟ್, ಅಂದರೆ ಗುರಿ ನೋಡುವ ಸಣ್ಣ ತೂತಿನ ಸಾಧನದ ಮೇಲೆ ಅನುಮಾನಪಟ್ಟು ಹೊಸದು ಕೊಂಡೆ. ಆಮೇಲೆ ತೋಟಾದ ಮೇಲೆ ಗುಮಾನಿ. ಒಂದೇ ಬೆಳಿಗ್ಗೆ ನಾಲ್ಕು ಬಗೆಯ ತೋಟಾ ಹೊಡೆದು, ನಡುನಡುವೆ ನಳಿಗೆ ಒರೆಸಿ, ಯಾವುದೂ ಸರಿಯಿಲ್ಲ ಎಂದು ತೀರ್ಮಾನಿಸಿದೆ. ಈ .22ರ ಸೀಸದ ಗುಂಡಿಗೆ ಮೇಣದಂಥ ಜಿಡ್ಡು ಸವರಿರುತ್ತದೆ. ತೋಟಾ ಬದಲಾದಾಗ ಹೊಸ ಜಿಡ್ಡು ನಳಿಗೆಯೊಳಗೆ ಸಮನಾಗಿ ಹಿಡಿಯುವ ತನಕ ಮೊದಲ ಹತ್ತಿಪ್ಪತ್ತು ಗುಂಡು ಅಡ್ಡಾದಿಡ್ಡಿ ಹೋಗುವುದು ಸಹಜ. ಪ್ರತಿ ಸಲ ಒರೆಸಿದ್ದರಿಂದ ಆ ಜಿಡ್ಡು ಕೂರಲೇ ಇಲ್ಲ. ನಾನು ಮಾಡಿದ ಪರೀಕ್ಷೆಗೆ ಮೂರು ಕಾಸಿನ ಬೆಲೆಯಿಲ್ಲ.

ಕೊನೆಗೆ ಯಾರೋ ಹೇಳಿದರೆಂದು ರಿಪೇರಿ ಮಾಡುವ ಒಬ್ಬನ ಬಳಿ ಒಯ್ದೆ. ಹೆಸರು, ಪೇಟೆ ಯಾವುದೂ ಬರೆಯುವುದಿಲ್ಲ. ಒಮ್ಮೆ ಇಣುಕಿ ನೋಡಿ, "ಬ್ಯಾರಲ್ ಮುಗಿದಿದೆ ಸಾಹೇಬ್, ಸದ್ಯಕ್ಕೆ ಸೀಸ ತೆಗೆದುಕೊಡ್ತೀನಿ" ಎಂದ. ಸೀಸದ ಗುಂಡು ಹೊಡೆಯುವ .22 ನಳಿಗೆ ಅಷ್ಟು ಸುಲಭವಾಗಿ ಸವೆಯುವುದಿಲ್ಲ, ಹತ್ತಾರು ಸಾವಿರ ಗುಂಡು ತಡೆಯುತ್ತದೆ. ಆಗ ಇದು ನನಗೆ ಗೊತ್ತಿರಲಿಲ್ಲ. ಆತ ಮೂರು ತುಂಡು ಜೋಡಿಸುವ ಉಕ್ಕಿನ ಸಲಾಕೆಗೆ ಬ್ರಷ್ ಸಿಕ್ಕಿಸಿ, ಏನೋ ಉಜ್ಜುವ ಪೇಸ್ಟ್ ಹಚ್ಚಿ, ನಳಿಗೆಯ ಬಾಯಿಂದ ಒಳಗೆ ತಳ್ಳಿ ಎಳೆಯತೊಡಗಿದ. ಕರಕರ ಸದ್ದು. ಎದುರಿಗೇ ಕೂತು ಚಹಾ ಕುಡಿಯುತ್ತಿದ್ದೆ!

ಏಕೆ ತಡೆಯಲಿಲ್ಲ ಅಂದರೆ, ನಾನು ಕೊಡಗಿನವನು. ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬಕ್ಕೆ ಮುಂಚೆ ಅಜ್ಜ ಕೇಪಿನ ಕೋವಿಯನ್ನು ಹೀಗೇ ನಳಿಗೆಯ ಬಾಯಿಂದ ಗಜದ ಕೋಲು ಹಾಕಿ ತೊಳೆಯುತ್ತಿದ್ದರು. ಮದ್ದು ತುಂಬುವುದೂ ಅಲ್ಲಿಂದಲೇ, ತೊಳೆಯುವುದೂ ಅಲ್ಲಿಂದಲೇ, ಅದಕ್ಕೆ ಬೇರೆ ಬಾಗಿಲಿಲ್ಲ. ನನ್ನ ರೈಫಲ್‌ಗೆ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ತುಂಡು, ತೆಗೆದರೆ ಹಿಂದಿನಿಂದ ಹಾದಿಯಿದೆ. ಅಲ್ಲಿಂದ, ಕೀಲಿಲ್ಲದ ಒಂದೇ ತುಂಡಿನ ಸಲಾಕೆಯನ್ನು, ಅದು ನೇರ ಹೋಗುವಂತೆ ಹಿಡಿಯುವ ಗೈಡ್ ಇಟ್ಟು ಹಾಕಬೇಕು. ಗುಂಡು ಕಡೆಯದಾಗಿ ಮುಟ್ಟುವುದು ನಳಿಗೆಯ ತುದಿಯ ಅಂಚನ್ನು, ಅದಕ್ಕೆ ಕ್ರೌನ್ ಅನ್ನುತ್ತಾರೆ. ಸಲಾಕೆಯ ಕೀಲು ಅದನ್ನು ಒಂದು ಬದಿಗೆ ಕೆರೆದರೆ ಗುಂಡಿನ ಹಿಂದೆ ನುಗ್ಗಿ ಬರುವ ಮದ್ದಿನ ಅನಿಲ ಅದರ ಬುಡವನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ.

ಮರುದಿನ ಗುಂಡುಗಳು 60ಕ್ಕೆ ಹೋದವು. ರೇಂಜಿನಲ್ಲಿ ಹಿರಿಯ ಶೂಟರ್ ಒಬ್ಬರು ಬೋಲ್ಟ್ ತೆಗೆಸಿ, ಒಳಗೆ ತೋಟಾ ಇಲ್ಲವೆಂದು ಬೆರಳಿಟ್ಟು ನೋಡಿ, ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಳಿಗೆಯ ಬಾಯೊಳಗೆ ಇಳಿಸಿ ಅಂಚಿನ ಸುತ್ತ ಹೊರಕ್ಕೆ ಎಳೆದರು. ಗಡಿಯಾರದ ನಾಲ್ಕರ ಜಾಗದಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತು. ಆಮೇಲೆ ರೈಫಲ್ ಮಗುಚಿ, ಅಡಿಯ ಮುಂದಿನ ಸ್ಕ್ರೂಗೆ ಅಲೆನ್ ಕೀ ಹಾಕಿದರು. ಸುಮಾರು ಅರ್ಧ ಸುತ್ತು ಸಡಿಲವಿತ್ತು.

ಅಷ್ಟೇ ಕಾಯಿಲೆ. ಪುಣೆಯ ಮಳೆಯಲ್ಲಿ ಮರದ ಹಿಡಿ ಉಬ್ಬಿ, ದೀಪಾವಳಿಯ ಒಣಹವೆಗೆ ಕುಗ್ಗಿ, ಸ್ಕ್ರೂ ಸಡಿಲಾಗಿತ್ತು. ಪ್ರತಿ ಗುಂಡಿಗೂ ರೈಫಲ್‌ನ ಕಬ್ಬಿಣದ ಭಾಗ ಹಿಡಿಯಲ್ಲಿ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಕೂರುತ್ತಿತ್ತು, ಅದಕ್ಕೇ ಎರಡು ಗುಂಪು. ಬಿಗಿತ ಅಳೆದು ತಿರುಗಿಸುವ ಟಾರ್ಕ್ ಕೀಯಲ್ಲಿ, ಕಂಪನಿ ಹೇಳಿದಷ್ಟೇ, ನನ್ನದಕ್ಕೆ 5 ನ್ಯೂಟನ್ ಮೀಟರ್, ಬಿಗಿ ಮಾಡಿದರೆ ಮುಗಿಯುತ್ತಿತ್ತು. ತೋಳಿನ ಬಲ ತೋರಿಸಲು ಹೋಗಬೇಡಿ, ಮರ ಜಜ್ಜುತ್ತದೆ.

ಗುಂಡು ಚದುರಿದ ದಿನ ಅಡಿಯ ಸ್ಕ್ರೂ, ಸೈಟಿನ ಸ್ಕ್ರೂ ನೋಡಿ. ಆಮೇಲೆ ನಿಮಗೆ ಮೊದಲು ಚೆನ್ನಾಗಿ ಹೊಡೆದುಕೊಟ್ಟ ತೋಟಾದ ಅದೇ ಲಾಟ್ (ಒಟ್ಟಿಗೆ ತಯಾರಾದ ಕಂತು) ಹಾಕಿ ನೋಡಿ. ಬೇರೊಬ್ಬ ಶೂಟರ್ ಕೈಗೂ ಒಮ್ಮೆ ಕೊಡಿ, ಚದುರುತ್ತಿರುವುದು ನಮ್ಮ ಉಸಿರೂ ಇರಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ. ನಳಿಗೆಯ ಬಾಯಿಂದ ಸಲಾಕೆ ತೂರಿಸಲು ಹೊರಟವನ ಕೈಯಿಂದ ರೈಫಲ್ ವಾಪಸ್ ತೆಗೆದುಕೊಂಡು ಎದ್ದುಬಿಡಿ, ಚಹಾ ಅರ್ಧಕ್ಕೇ ಉಳಿದರೂ ಪರವಾಗಿಲ್ಲ.

ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ತುದಿಯನ್ನು ಕೂದಲಷ್ಟು ಕತ್ತರಿಸಿ ಹೊಸ ಕ್ರೌನ್ ಮಾಡಿಸಿದ್ದೇನೆ. ಹೋದ ಭಾನುವಾರ 22 ಮಿಲಿಮೀಟರ್ ಬಂತು. ಹೊಸ ಪೀಪ್ ಸೈಟ್ ಮಾರಾಟಕ್ಕಿದೆ, ಅದರಲ್ಲೇನೂ ದೋಷವಿಲ್ಲ.